ಗೋಡೆಗೆ ಒರಗಿಸಿದ ಕುರ್ಚಿ

"ಏನೇ ಆದ್ರೂ ಏಳ್ಬೇಡಿ ಅತ್ತೆ. ಮಂಡಿ ನೋವು ಅಂದ್ಬಿಡಿ," ಎನ್ನುತ್ತ ಸೊಸೆ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟಳು.

"ಅದೇನು ಸುಳ್ಳಾ? ನೋವು ಇದ್ದೇ ಇದೆಯಲ್ಲ," ಎಂದು ಅತ್ತೆ ಸೆರಗು ಹೊದ್ದು ಕೂತರು.

ಅವರ ಬೆನ್ನ ಹಿಂದೆ ಬೆಳಿಗ್ಗೆಯಷ್ಟೇ ಬಳಿದ ಸುಣ್ಣ, ಅದರಡಿಯಲ್ಲಿ ಇಣುಕುವ ಬೂಷ್ಟು. ಪಕ್ಕದವರು ಗೇಣು ಜಾಗವನ್ನೂ ಬಿಡದೆ ಮನೆ ಎಬ್ಬಿಸಿದ ಮೇಲೆ ಈ ಕೋಣೆಗೆ ಬಿಸಿಲಿಲ್ಲ, ಗಾಳಿಯಿಲ್ಲ. ಸೆಕೆಗೆ ಮನುಷ್ಯರ ಜೊತೆ ಗೋಡೆಯೂ ಬೆವರುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದ್ದಾಯಿತು, ಕೆರೆದು ಗಾರೆ ಮೆತ್ತಿಸಿದ್ದಾಯಿತು. ತಿಂಗಳು ತುಂಬುವುದರೊಳಗೆ ಕಪ್ಪು ಚುಕ್ಕೆಗಳು ಮತ್ತೆ ಹಾಜರು. ಕರೆಯದೆ ಬಂದ ನೆಂಟರಾದರೂ ಒಂದು ದಿನ ಹೊರಡುತ್ತಾರೆ. ಇದೇ ಕೋಣೆಯಲ್ಲಿ ಮಲಗಿ ಮಲಗಿ ಸೊಸೆಯ ಮಗ ಪುಟ್ಟನಿಗೆ ಉಬ್ಬಸ ಹಿಡಿದಿತ್ತು. ಈ ಮನೆ ಮಾರಿದರೆ ಮಾತ್ರ ಇನ್ನೊಂದು ಮನೆ. ನೋಡಲು ಬಂದವರೋ, ಈ ಗೋಡೆ ಕಂಡೊಡನೆ ಚಪ್ಪಲಿ ಮೆಟ್ಟುತ್ತಿದ್ದರು.

ಹಾಗಾಗಿ ಇವತ್ತು ಭರ್ಜರಿ ಬಂದೋಬಸ್ತು. ಮುಗ್ಗಲು ವಾಸನೆ ಅಡಗಲೆಂದು ಈರುಳ್ಳಿ ಹುರಿದಾಗಿತ್ತು. ಕೆಮ್ಮಿ ಗುಟ್ಟು ಬಿಟ್ಟುಕೊಡುವ ಪುಟ್ಟನನ್ನೂ, ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಅವನ ಅಪ್ಪನನ್ನೂ ಹೊರಗೆ ಅಟ್ಟಿದ್ದಾಗಿತ್ತು.

ಮನೆ ನೋಡಲು ಬಂದವಳು ಒಬ್ಬ ಎಳೆ ಬಾಣಂತಿ. ಕೂಸು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು. ಅಡುಗೆಮನೆ ಅವಳಿಗೆ ಹಿಡಿಸಿತು, ಹಿತ್ತಲು ಹಿಡಿಸಿತು. ಕೋಣೆಗೆ ಬಂದವಳು ತಾನಾಗಿಯೇ, "ಅಜ್ಜಿ, ಏಳ್ಬೇಡಿ, ಕೂತ್ಕೊಳ್ಳಿ," ಎಂದಳು.

"ಮಂಡಿ ನೋವಮ್ಮ," ಎಂದು ಅತ್ತೆ ಪಾಠ ಒಪ್ಪಿಸಿದರು.

"ಈ ರೂಮಿಗೆ ಬಿಸಿಲು ಹೊಡೆಯಲ್ಲ. ಇವಳನ್ನ ಇಲ್ಲೇ ಮಲಗಿಸ್ತೀನಿ, ಅಜ್ಜಿ ಕೂತಿದಾರಲ್ಲ, ಅಲ್ಲೇ. ಗೋಡೆ ಪಕ್ಕ ಆದ್ರೆ ಉರುಳಿ ಬೀಳೋ ಭಯ ಇಲ್ಲ."

"ಹೂಂ, ಒಳ್ಳೇ ಜಾಗ," ಎಂದಳು ಸೊಸೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ತನ್ನ ಬಗ್ಗೆ ಅವಳಿಗೇ ಹೆದರಿಕೆಯಾಯಿತು.

ಅತ್ತೆ ಕೂಸಿನ ಜೋತ ಪಾದಗಳನ್ನು ನೋಡುತ್ತಿದ್ದರು. ಸೊಸೆ ಕಣ್ಣಲ್ಲೇ ಬೇಡವೆಂದಳು. ಅತ್ತೆ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದುನಿಂತರು. ಹಸಿ ಸುಣ್ಣವೆಲ್ಲ ಅವರ ಸೀರೆಗೆ ಮೆತ್ತಿಕೊಂಡು ಬಂದಿತ್ತು. ಗೋಡೆಯ ಮೇಲೆ ಅವರ ಬೆನ್ನಿನಗಲ ಕಪ್ಪು.

ಬಾಣಂತಿ ಹೊದಿಸಿದ್ದ ಬಟ್ಟೆಯ ಅಂಚನ್ನು ಕೂಸಿನ ಮೂಗಿನ ಮೇಲೆ ಎಳೆದಳು. "ನಮ್ಮವರನ್ನ ಕೇಳಿ ಹೇಳ್ತೀನಿ," ಎಂದು ಹೊರಟೇಬಿಟ್ಟಳು.

"ಯಾಕೆ ಎದ್ರಿ ಅತ್ತೆ? ನಮ್ಮ ಪುಟ್ಟ ನಿಮಗೆ ಏನೂ ಅಲ್ವಾ?" ಸೊಸೆಗೆ ಅಳು ಉಕ್ಕಿತು. ಸಿಟ್ಟಿನ ಜೊತೆಗೇ ಎದೆಯ ಮೇಲಿನ ಭಾರ ಇಳಿದಂತೆಯೂ ಆಗಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅತ್ತೆ ಮುಖ ತಿರುಗಿಸಿದರು. "ಮಂಡಿ ನೋಯ್ತು ಕಣೆ, ಕೂತು ಕೂತು."

ಸೊಸೆ ಒದ್ದೆ ಬಟ್ಟೆ ತಂದು ಅವರ ಬೆನ್ನಿನ ಸುಣ್ಣ ಒರೆಸತೊಡಗಿದಳು. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ. ಬೀದಿಯ ತಿರುವಿನಲ್ಲಿ ಕೆಮ್ಮು ಕೇಳಿಸಿತು. ಯಾವಾಗಲೂ ಪುಟ್ಟನಿಗಿಂತ ಮೊದಲು ಅವನ ಕೆಮ್ಮು ಮನೆಗೆ ಬರುತ್ತಿತ್ತು.

ಅತ್ತೆ ಬಗ್ಗಿ ಅವನ ಹಾಸಿಗೆಯನ್ನು ಆ ಗೋಡೆಯಿಂದ ಇನ್ನಷ್ಟು ಈಚೆಗೆ ಎಳೆದರು. ಅದು ಎದುರು ಗೋಡೆಗೆ ತಾಗಿ ನಿಂತಿತು.