ಆರು ಗಂಟೆಗೆ ಅರ್ಧ

ಸಿರಿಂಜಿಗೂ ಸೀಸದ ಅಂಗಿ ತೊಡಿಸಿದ್ದನ್ನು ಕಂಡು ಹೊಲಿಗೆಯಮ್ಮ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಇಷ್ಟು ದಪ್ಪ ಕವಚದೊಳಗೆ ಇರಿಸಬೇಕಾದದ್ದನ್ನು ತನ್ನ ನರಕ್ಕೆ ಬಿಡುವುದೇ? ಎದೆಯ ಗಡ್ಡೆ ತೆಗೆಸಿ ಎರಡು ವರ್ಷವಾಗಿತ್ತು. ಈಗ ಬಲಗಾಲು ನೋಯತೊಡಗಿದಾಗ, ಕಾಯಿಲೆ ಮೂಳೆಗೆ ಇಳಿದಿದೆಯೋ ನೋಡೋಣವೆಂದು ಡಾಕ್ಟರು ಸ್ಕ್ಯಾನಿಗೆ ಬರೆದಿದ್ದರು. ಮನೆಯಲ್ಲಿ ಅವಳು ಬಾಯಿ ಬಿಟ್ಟಿರಲಿಲ್ಲ. ಸೊಸೆ ಹಸಿ ಬಾಣಂತಿ.

ಈ ಮದ್ದು ಯಾವ ಗಣಿಯದು ಎಂದು ಕೇಳಿದಳು. ಸೂಜಿ ಹಿಡಿದಿದ್ದ ತಂತ್ರಜ್ಞೆಯನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಇದು ವಿಕಿರಣ ಸೂಸುವ ಟೆಕ್ನೀಷಿಯಮ್, ಭೂಮಿ ಅಗೆದರೆ ಸಿಗುವಂಥದ್ದಲ್ಲ ಎಂದಳು. ಅಣುಸ್ಥಾವರದಲ್ಲಿ ತಯಾರಾದ ಮಾಲಿಬ್ಡಿನಮ್ ವಾರಕ್ಕೊಮ್ಮೆ ಸೀಸದ ಡಬ್ಬಿಯಲ್ಲಿ ಬರುತ್ತದೆ. ಅದು ಕ್ಷಯಿಸುತ್ತ ಇದನ್ನು ಹೆರುತ್ತದೆ. ಬೆಳಿಗ್ಗೆ ಉಪ್ಪುನೀರು ಹಾಯಿಸಿದರೆ ಇದಷ್ಟೇ ಇಳಿದು ಬರುತ್ತದೆ.

"ನಾವದಕ್ಕೆ ಹಾಲು ಕರೆಯೋದು ಅಂತೀವಮ್ಮ. ಆ ಡಬ್ಬೀನೇ ಹಸು."

"ಒದೆಯೋದಿಲ್ಲ ತಾನೇ?" ಎಂದು ಹೊಲಿಗೆಯಮ್ಮ ಕೈ ಮುಂದೆ ಮಾಡಿದಳು.

ಮದ್ದು ಮೂಳೆ ಹಿಡಿಯಲು ಮೂರು ಗಂಟೆ ಬೇಕು. ನೀರು ಕುಡಿಯುತ್ತ ಕೂತವಳಿಗೆ ಇನ್ನೊಂದು ಸಂಶಯ ಬಂತು: ಇದು ಒಳಗೇ ಉಳಿದುಬಿಟ್ಟರೆ? ಆರು ಗಂಟೆಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ ಎಂದಳು ತಂತ್ರಜ್ಞೆ. ಹೊಲಿಗೆಯಮ್ಮ ಸೆರಗಿನ ತುದಿಯನ್ನು ನಾಲ್ಕು ಸಲ ಮಡಚಿ ನೋಡಿದಳು. ನಾಳೆ ಇಷ್ಟು ಹೊತ್ತಿಗೆ ಹದಿನಾರರಲ್ಲಿ ಒಂದು ಪಾಲು. ಅಲ್ಲಿಯವರೆಗೆ ಎಳೆ ಮಕ್ಕಳನ್ನು ಎತ್ತಿಕೊಳ್ಳಬಾರದಂತೆ.

ಯಂತ್ರದ ಕ್ಯಾಮೆರಾ ತಲೆಯಿಂದ ಪಾದದವರೆಗೆ ಮೆಲ್ಲಗೆ ಸರಿಯಿತು. ಎದ್ದು ಕೂತಾಗ ಪರದೆಯ ಮೇಲೆ ಅವಳದೇ ಅಸ್ಥಿಪಂಜರ, ಚುಕ್ಕಿ ಚುಕ್ಕಿಯಾಗಿ. ಬಲಗಾಲಿನ ಪಾದದ ಕೀಲಿನಲ್ಲಿ ಮಾತ್ರ ಚುಕ್ಕಿಗಳು ಒತ್ತೊತ್ತಾಗಿ ಮುತ್ತಿಕೊಂಡಿದ್ದವು. ಹೊಲಿಗೆಯಮ್ಮ ತಂತ್ರಜ್ಞೆಯ ಮುಖ ನೋಡಿದಳು. ಅದನ್ನು ಡಾಕ್ಟರೇ ಹೇಳಬೇಕು ಎಂದಳು ಅವಳು.

ಡಾಕ್ಟರು ಬಹಳ ಹೊತ್ತು ಚಿತ್ರವನ್ನೇ ನೋಡಿದರು.

"ಯಾವ ಕಾಲಲ್ಲಿ ಮೆಷಿನ್ ತುಳೀತೀರಿ?"

"ಬಲಗಾಲು. ನಲವತ್ತು ವರ್ಷದಿಂದ."

"ಅದೇ. ಕೀಲು ಸವೆದಿದೆ. ಕಾಯಿಲೆ ಎಲ್ಲೂ ಹರಡಿಲ್ಲ."

ಹೊಲಿಗೆಯಮ್ಮ ಆ ಚಿತ್ರವನ್ನು ಇನ್ನೊಮ್ಮೆ ತೋರಿಸಿ ಎಂದು ಕೇಳಿ, ಕನ್ನಡಕ ಹಾಕಿಕೊಂಡು, ಬೆರಳು ಬೆರಳಾಗಿ ತನ್ನ ಕೈಮೂಳೆಗಳನ್ನೆಲ್ಲ ಎಣಿಸಿ ನೋಡಿದಳು.

ಮನೆಯಲ್ಲಿ ಸೊಸೆ ಎಂದಿನಂತೆ ಮಗುವನ್ನು ಮುಂದೆ ಹಿಡಿದಾಗ ಅವಳು ಗೋಡೆಯವರೆಗೂ ಹಿಂದೆ ಸರಿದಳು. ಸೊಸೆಯ ಮುಖ ಬಾಡಿತು. ಇನ್ನು ಮುಚ್ಚಿಡುವಂತಿರಲಿಲ್ಲ. ನೋವು, ಸೂಜಿ, ಸೀಸದ ಡಬ್ಬಿ, ಎಲ್ಲವನ್ನೂ ದೂರದಿಂದಲೇ ಹೇಳಿದಳು.

"ಒಬ್ರೇ ಹೋಗಿದ್ರಾ ಅತ್ತೆ?"

"ನಾಳೆ ಎತ್ಕೋತೀನಿ ಬಿಡು."

ಸೊಸೆ ಮಗುವನ್ನು ಮಲಗಿಸಿ, ಅದರ ಮುಖ ಕೋಣೆಯ ಆ ಮೂಲೆಯಲ್ಲಿ ಕೂತಿದ್ದ ಅತ್ತೆಗೆ ಕಾಣುವ ಹಾಗೆ ತೊಟ್ಟಿಲನ್ನು ತಿರುಗಿಸಿಟ್ಟಳು.