ಕೈ ಕಟ್ಟಿ ಕೂರುವ ಪಾಠ

ಊರಿನ ಅರ್ಧಕ್ಕರ್ಧ ಲಿಫ್ಟುಗಳನ್ನು ರಿಪೇರಿ ಮಾಡುವವನ ಮನೆ ಮೂರನೆಯ ಮಹಡಿಯಲ್ಲಿತ್ತು. ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಅಕ್ಕಪಕ್ಕದವರು ಇದನ್ನು ಹೇಳಿಕೊಂಡು ನಗುವಾಗ ಮೆಕ್ಯಾನಿಕ್ಕೂ ಜೊತೆಗೆ ನಗುತ್ತಿದ್ದ. ಹೆಂಡತಿಗೆ ಸೊಂಟನೋವು ಹಿಡಿದುಕೊಂಡ ಮೇಲೆ ಅವನಿಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

ಅವಳು ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದವಳು. ಒಂದು ದಿನ ಕಾಗದದ ಕಟ್ಟು ಎತ್ತುವಾಗ ಸೊಂಟದಲ್ಲಿ ಛಳಕ್ಕೆಂದಿತು. ಎರಡು ತಿಂಗಳಲ್ಲಿ ಪೆಟ್ಟು ವಾಸಿಯಾಯಿತು ಎಂದರು ಡಾಕ್ಟರು. ನೋವು ಮಾತ್ರ ನೆಂಟನಂತೆ ಬಂದು ಯಜಮಾನನಂತೆ ಕೂತುಬಿಟ್ಟಿತು. ಮೂರು ವರ್ಷವಾದರೂ ಏಳಲಿಲ್ಲ. ಎರಡು ಸಲ ಸ್ಕ್ಯಾನ್ ಮಾಡಿಸಿದರು, ಎರಡರಲ್ಲೂ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ.

ಮೆಕ್ಯಾನಿಕ್ ಹೆಂಡತಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ಬಕೆಟ್ ಎತ್ತಲು ಬಿಡಲಿಲ್ಲ, ಬಗ್ಗಲು ಬಿಡಲಿಲ್ಲ, ಕಾಲಿಗೆ ಚಪ್ಪಲಿ ಹಾಕುವವನೂ ಅವನೇ. ಅವಳು "ಅಮ್ಮಾ" ಎನ್ನುವುದರೊಳಗೆ ಇವನು ಎದ್ದು ನಿಂತಿರುತ್ತಿದ್ದ. "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣಮ್ಮ" ಎಂದು ಕೆಳಮನೆಯಾಕೆ ಹೊಗಳಿದಾಗ ಹೆಂಡತಿ ಗೋಡೆಯ ಕಡೆ ತಿರುಗಿಕೊಂಡಳು. ನೋವಿರಬೇಕು ಅಂದುಕೊಂಡ ಅವನು.

ಕೊನೆಗೆ ಡಾಕ್ಟರು ಅವರಿಬ್ಬರನ್ನೂ ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ನೋವಿನ ತರಗತಿಗೆ ಕಳಿಸಿದರು. ಎಕ್ಸ್‌ರೇ ಕೋಣೆಯ ಪಕ್ಕದಲ್ಲಿ ಎಂಟು ಕುರ್ಚಿ, ಒಂದು ಬಿಳಿ ಹಲಗೆ. ಪಾಠ ಹೇಳುವ ನರ್ಸನ್ನು ಆಸ್ಪತ್ರೆಯವರೆಲ್ಲ ನೋವಿನ ಟೀಚರ್ ಎಂದೇ ಕರೆಯುತ್ತಿದ್ದರು.

"ಬಹಳ ಕಾಲದ ನೋವು ಇದೆ ಅಂದ್ರೆ ಒಳಗೆ ಏನೋ ಮುರಿದುಹೋಗಿದೆ ಅಂತ ಅಲ್ಲ" ಎಂದರು ಟೀಚರ್.

ಮೆಕ್ಯಾನಿಕ್ ಎದ್ದೇ ನಿಂತ. "ಅಂದ್ರೆ ಇವಳು ನಾಟಕ ಆಡ್ತಿದಾಳೆ ಅಂತೀರಾ?"

"ನಾಟಕ ಅಲ್ಲ ಸರ್, ನೋವು ನೂರಕ್ಕೆ ನೂರು ನಿಜ. ನೀವು ಲಿಫ್ಟ್ ಕೆಲಸದವ್ರು ಅಲ್ವಾ? ಒಳಗೆ ಒಬ್ರೇ ನಿಂತಿದ್ರೂ ಓವರ್‌ಲೋಡ್ ಬಜರ್ ಹೊಡ್ಕೊಳ್ಳೋದು ನೋಡಿಲ್ವಾ?"

"ನೋಡಿದೀನಿ. ಸ್ಕ್ರೂಡ್ರೈವರ್ ಹಾಕಿ ಹತ್ತು ನಿಮಿಷಕ್ಕೆ ಸರಿ ಮಾಡ್ತೀನಿ."

"ಇದಕ್ಕೆ ಸ್ಕ್ರೂಡ್ರೈವರ್ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ಓಡಾಡಿ, ಅಪಾಯ ಇಲ್ಲ ಅಂತ ಮೈಗೆ ಕಲಿಸ್ಬೇಕು."

ಅವಳ ಪಾಲಿಗೆ ಬಂದ ಪಾಠ ಇದು: ದಿನಾ ಒಬ್ಬಳೇ ಒಂದು ಮಹಡಿ ಇಳಿಯಬೇಕು, ಎರಡು ನಿಮಿಷ ಕೂರಬೇಕು, ಮತ್ತೆ ಹತ್ತಬೇಕು. ಹುಷಾರಾಗಿದ್ದ ದಿನ ಜಾಸ್ತಿ ಬೇಡ, ನೋವಿದ್ದ ದಿನ ಕಮ್ಮಿಯೂ ಬೇಡ.

ಮೂರು ದಿನ ಸರಿಯಾಗಿ ನಡೆಯಿತು. ನಾಲ್ಕನೆಯ ದಿನ ಹತ್ತಿ ಬರುವಾಗ ಅವಳು ಕಂಬಿ ಹಿಡಿದು "ಅಯ್ಯೋ" ಎಂದಳು. ಮೇಲೆ ಕಾಯುತ್ತಿದ್ದ ಮೆಕ್ಯಾನಿಕ್ ಎರಡೆರಡು ಮೆಟ್ಟಿಲು ಹಾರಿ ಇಳಿದು ಅವಳನ್ನು ಎತ್ತಿಕೊಂಡೇಬಿಟ್ಟ.

"ಇಳಿಸ್ರೀ" ಎಂದಳು. ಅವನಿಗೆ ಕೇಳಿಸಲಿಲ್ಲ. ಮಂಚದ ಮೇಲೆ ಮಲಗಿಸಿ ಬಿಸಿನೀರಿನ ಚೀಲ ತರಲು ಹೊರಟ.

"ಆ ಚೀಲ ಅಲ್ಲೇ ಇರ್ಲಿ. ನಿಮ್ಮ ಪ್ರೀತಿಗೇ ನನ್ನ ಕಾಲು ಸತ್ತುಹೋಗಿವೆ."

ಅವನು ನಿಂತಲ್ಲೇ ನಿಂತ. ಮೂರು ವರ್ಷ ಹಗಲಿರುಳು ಮಾಡಿದ ಸೇವೆಗೆ ಇದಾ ಮಾತು? ಆ ಇಡೀ ದಿನ ಮನೆಯಲ್ಲಿ ಪಾತ್ರೆಗಳಷ್ಟೇ ಸದ್ದು ಮಾಡಿದವು.

ಮರುದಿನ ಅವನು ಕೆಲಸಕ್ಕೆ ರಜೆ ಹಾಕಿ ನೇರ ಆಸ್ಪತ್ರೆಗೆ ಹೋದ. ಟೀಚರ್ ಫೈಲು ಜೋಡಿಸುತ್ತಿದ್ದರು.

"ನಿಮ್ಮ ಪಾಠದಿಂದ ನನ್ನ ಹೆಂಡ್ತಿ ಹಾಸಿಗೆ ಹಿಡಿದಿದಾಳೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?"

ಟೀಚರ್ ಫೈಲು ಕೆಳಗಿಟ್ಟರು. ಕಾಲು ಜೋಮು ಹಿಡಿದಿದೆಯಾ, ಬಲ ಕಮ್ಮಿಯಾಗಿದೆಯಾ, ಮೂತ್ರ ತಡೆಯೋಕೆ ಕಷ್ಟವಾ, ಜ್ವರವಾ? ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಇಲ್ಲ ಎಂದ.

"ಇದ್ದಿದ್ರೆ ಈಗಿಂದೀಗಲೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೆ. ಇಲ್ಲ ಅಂದ್ಮೇಲೆ ಇದು ಕಷ್ಟದ ನೋವು, ಅಪಾಯದ ನೋವಲ್ಲ. ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅವ್ರು ಅಯ್ಯೋ ಅಂದಾಗ ನಿಮ್ಮ ಮುಖ ಹೇಗಿರುತ್ತೆ?"

"ಹೇಗಿರುತ್ತೆ ಅಂದ್ರೆ? ಜೀವ ಬಾಯಿಗೆ ಬಂದಿರುತ್ತೆ."

"ಅದನ್ನೇ ಅವ್ರು ನೋಡ್ತಾರೆ. ಇಷ್ಟು ಹೆದರಿದಾರೆ ಅಂದ್ರೆ ಏನೋ ಆಗಿರ್ಬೇಕು ಅನ್ಸುತ್ತೆ. ಹೆದರಿಕೆ ಹೆಚ್ಚಾದಷ್ಟೂ ನೋವು ಹೆಚ್ಚುತ್ತೆ. ನಾಳೆ ಅವ್ರು ಹೊರಟಾಗ ನೀವು ಕೈ ಕಟ್ಟಿ ಕೂತ್ಕೋಬೇಕು. ಕರೆದ್ರೆ ಮಾತ್ರ ಹೋಗಿ."

ಅವನಿಗೆ ರೇಗಿತು. ಮೋಟಾರು ಹೊಡೆದುಕೊಳ್ಳುತ್ತಿರುವಾಗ ಕೈ ಕಟ್ಟಿ ಕೂರುವ ಮೆಕ್ಯಾನಿಕ್ಕನ್ನು ಯಾರಾದರೂ ಕೆಲಸಕ್ಕೆ ಇಟ್ಟುಕೊಳ್ಳುತ್ತಾರಾ? ಆದರೂ "ಆಯ್ತು" ಎಂದು ಬಂದ.

ಮರುದಿನ ಬೆಳಿಗ್ಗೆ ಅವಳು ತಾನೇ ಚಪ್ಪಲಿ ಮೆಟ್ಟಿಕೊಂಡಳು. ಅದಕ್ಕೇ ನಾಲ್ಕು ನಿಮಿಷ ಬೇಕಾಯಿತು. ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಅವನು ಕುರ್ಚಿಯ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡ. ಚಪ್ಪಲಿಯ ಸದ್ದು ಇಳಿಯುತ್ತಾ ಹೋಯಿತು. ನಿಂತಿತು. ಕೂತಿರಬೇಕು. ಎರಡು ನಿಮಿಷವಾಯಿತು, ಮೂರಾಯಿತು. ಮತ್ತೆ ಸದ್ದು. ಒಂದು ಮೆಟ್ಟಿಲು, ಎರಡು, ಐದು.

ಆಮೇಲೆ ಅದೇ ಕೂಗು. "ಅಯ್ಯೋ!"

ಅವನು ಬಾಗಿಲ ಹತ್ತಿರ ಯಾವಾಗ ಬಂದನೋ ಅವನಿಗೇ ಗೊತ್ತಿಲ್ಲ. ಕೈ ಬಾಗಿಲ ಹಿಡಿಕೆಯ ಮೇಲಿತ್ತು. ಹೊರಗೆ ಸದ್ದೇ ಇಲ್ಲ. ಬಿದ್ದಳಾ? ಬಿದ್ದಿದ್ದರೆ ಕೇಳಿಸುತ್ತಿತ್ತು. ತಲೆಸುತ್ತು ಬಂತಾ? ಕರೆದರೆ ಮಾತ್ರ ಎಂದಿದ್ದರು ಟೀಚರ್. ಅಯ್ಯೋ ಎನ್ನುವುದು ಕರೆದ ಹಾಗಾಯಿತೋ ಇಲ್ಲವೋ? ಹಿಡಿಕೆಯನ್ನು ಅರ್ಧ ತಿರುಗಿಸಿದ. ಅಷ್ಟರಲ್ಲಿ ಉದ್ದನೆಯ ಉಸಿರೊಂದು ಕೇಳಿಸಿತು, ಅದರ ಹಿಂದೆ ಇನ್ನೊಂದು. ತರಗತಿಯಲ್ಲಿ ಹೇಳಿಕೊಟ್ಟ ಉಸಿರಾಟ. ಅವನು ತುಟಿ ಕಚ್ಚಿ ನಿಂತ. ಆಮೇಲೆ ಒಂದು ಹೆಜ್ಜೆಯ ಸದ್ದಾಯಿತು. ತುಂಬ ಹೊತ್ತಾದ ಮೇಲೆ ಮತ್ತೊಂದು.

ಅವನು ಓಡಿಹೋಗಿ ಕುರ್ಚಿಯಲ್ಲಿ ಕೂತ.

ಅವಳು ಒಳಗೆ ಬಂದಾಗ ಮುಖ ಸುಣ್ಣದಂತಾಗಿತ್ತು, ಕೂದಲು ಹಣೆಗೆ ಅಂಟಿತ್ತು. ಗೋಡೆಗೆ ಒರಗಿ ನಿಂತು ಕೇಳಿದಳು: "ಬಾಗಿಲ ಹತ್ರ ಬಂದಿದ್ರಲ್ಲ?"

"ಇಲ್ಲಪ್ಪ, ಕೂತೇ ಇದ್ದೆ."

"ಸುಳ್ಳು. ಬಾಗಿಲ ಕೆಳಗಿನ ಸಂದೀಲಿ ಕಾಲು ಕಾಣಿಸ್ತು."

ಅವನು ತಲೆ ತಗ್ಗಿಸಿದ. ಬೈಗುಳಕ್ಕೆ ಕಾದ. ಅವಳು ಹತ್ತಿರ ಬಂದು ಪಕ್ಕದ ಕುರ್ಚಿಯನ್ನು ತಾನೇ ಎಳೆದುಕೊಂಡು ಕೂತಳು.

"ಆ ಕಾಲು ನೋಡ್ಕೊಂಡೇ ಹತ್ತಿದೆ ಕಣ್ರೀ. ಎಲ್ಲಿ ಬಾಗಿಲು ತೆಗೆದುಬಿಡ್ತೀರೋ, ಅಷ್ಟರಲ್ಲಿ ಮೇಲೆ ಸೇರ್ಕೋಬೇಕು ಅಂತ."

ಅವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವಳ ನೋವು ಆ ಸಂಜೆಯೂ ಇತ್ತು, ಮಾರನೆಯ ದಿನವೂ ಇತ್ತು. ಆದರೂ ಮೆಟ್ಟಿಲು ಬಿಡಲಿಲ್ಲ. ಮೂರು ವಾರಕ್ಕೆ ಎರಡು ಮಹಡಿಯಾಯಿತು, ಎರಡು ತಿಂಗಳಿಗೆ ಒಬ್ಬಳೇ ಬೀದಿ ಮುಟ್ಟಿದಳು. ನಡುವೆ ಒಂದು ವಾರ ಪೂರ್ತಿ ಕೆಟ್ಟಿತು. ಆಗ ಇಬ್ಬರೂ ಜಗಳವಾಡಿದರು, ಯಾರೂ ಯಾರನ್ನೂ ಎತ್ತಿಕೊಳ್ಳಲಿಲ್ಲ. ಈಗ ಅವಳು ಪ್ರೆಸ್ಸಿನಲ್ಲಿ ಅರ್ಧ ದಿನ ಕೆಲಸ ಮಾಡುತ್ತಾಳೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡುತ್ತಾಳೆ. ನೋವು ಹೋಯಿತಾ ಎಂದು ಯಾರಾದರೂ ಕೇಳಿದರೆ "ಎಲ್ಲಿ ಹೋಗುತ್ತೆ, ಇದೆ. ನಾನೂ ಇದೀನಿ" ಎನ್ನುತ್ತಾಳೆ.

ಮೆಕ್ಯಾನಿಕ್ ಇನ್ನೂ ಕಲಿಯುತ್ತಿದ್ದಾನೆ. ಅವಳು ಬಕೆಟ್‌ಗೆ ಕೈ ಹಾಕಿದಾಗ ಅವನು ಬಾಲ್ಕನಿಗೆ ಹೋಗಿ ನಿಂತು, ಎದುರು ಕಟ್ಟಡದ ಕಿಟಕಿಗಳನ್ನು ಎಣಿಸುತ್ತಾನೆ.