ಕೋಟೆಯ ಮೇಳದಲ್ಲಿ ರಾಣಿಯ ವೇಷ

ನುಸಿಗುಳಿಗೆಯ ವಾಸನೆ ಎಂದರೆ ನನಗೆ ಅಪ್ಪನ ನಾಟಕದ ಪೆಟ್ಟಿಗೆ. ಮುಚ್ಚಳ ತೆಗೆದರೆ ಸಾಕು, ರಾಜರು, ಋಷಿಗಳು, ವಿದೂಷಕರು ಒಟ್ಟಿಗೇ ಮೂಗಿಗೆ ಬಡಿಯುತ್ತಿದ್ದರು. ಅಂಚೆ ಹಂಚುವ ಮರಿಯಪ್ಪ ಪ್ರತಿವರ್ಷ ಚಕ್ರವರ್ತಿಯಾಗುತ್ತಿದ್ದ; ಊರಿನ ಸಾಹುಕಾರರು ಪಕ್ಕದಲ್ಲಿ ನಿಂತು ಅವನಿಗೆ ಚಾಮರ ಬೀಸುತ್ತಿದ್ದರು. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅದೇ ವಾಸನೆ ಕೋಟೆಯ ಬಾಗಿಲಲ್ಲಿ ನನ್ನನ್ನು ಎದುರುಗೊಂಡಿತು. ಹಳೆಯ ಕಾಲವನ್ನು ಮರಳಿ ತೋರಿಸುವ ಮೇಳ ಅದು. ಒಳಗೆ ಹೋಗುವವರೆಲ್ಲ ಆ ಕಾಲದ ವೇಷ ತೊಡಬೇಕು; ಮಧ್ಯಾಹ್ನ ಅರಮನೆಯ ಊಟ. ಜೊತೆಗೆ ದುರುಗಮ್ಮ ಇದ್ದಳು. ಕಾಲೇಜಿನಲ್ಲಿ ನನ್ನ ಬೆಂಚಿನವಳು, ಮುಂದೆ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು. ಕಾಲೇಜು ನಾಟಕದಲ್ಲಿ ರಾಣಿಯ ಪಾತ್ರ ಕೇಳಿ, "ನಿನಗೆ ಒಪ್ಪೋದಿಲ್ಲಮ್ಮ" ಎನ್ನಿಸಿಕೊಂಡಿದ್ದಳು.

"ಕಿರೀಟ ಇಟ್ಕೊಂಡು ಒಂದು ಫೋಟೋ ತೆಗೆಸ್ಕೋತೀನಿ ಕಣೇ. ಸತ್ತ ಮೇಲೆ ಅದನ್ನೇ ಗೋಡೆಗೆ ಹಾಕ್ಲಿ," ಎಂದು ದಾರಿಯುದ್ದಕ್ಕೂ ನಗಿಸಿದ್ದಳು.

ವೇಷದ ಮಳಿಗೆಯ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ತಂದೆ ಏನು ಕೆಲಸ ಮಾಡ್ತಿದ್ರು ಅಜ್ಜಿ?"

"ಮೇಷ್ಟ್ರು," ಎಂದೆ.

"ಚಪ್ಪಲಿ ಹೊಲೀತಿದ್ದ. ಅವನು ಹೊಲಿದ ಚಪ್ಪಲಿ ಹರಿದದ್ದನ್ನ ನಾನು ಕಾಣೆ," ಎಂದಳು ದುರುಗಿ. ಹುಡುಗಿ ಸುಮ್ಮನೆ ಮಾತಿಗೆ ಕೇಳುತ್ತಿದ್ದಾಳೆ ಎಂದೇ ಇಬ್ಬರೂ ತಿಳಿದಿದ್ದೆವು.

ನನ್ನ ಕೈಗೆ ರೇಷ್ಮೆ ಸೀರೆ ಬಂತು. ಅವಳ ಕೈಗೆ ಮಾಸಿದ ಒರಟು ಸೀರೆ, ಮೇಲೊಂದು ಪೊರಕೆ.

"ಏನೋ ಅದಲುಬದಲಾಗಿದೆ," ಎಂದೆ. ಮಂತ್ರಿಯ ರುಮಾಲು ಸುತ್ತಿದ್ದ ಮೇಳದ ಯಜಮಾನ ನಗುತ್ತಾ ಬಂದ.

"ಇಲ್ಲ ತಾಯಿ. ಆ ಕಾಲದಲ್ಲಿ ಅಪ್ಪನ ಕಸುಬು ನೋಡಿಯೇ ಮಕ್ಕಳ ಜಾಗ. ನಮ್ಮಲ್ಲಿ ಎಲ್ಲಾ ಅಸಲಿ, ಊಟದ ಪಂಕ್ತಿ ಕೂಡ. ರೇಷ್ಮೆಯವರು ಒಳಗೆ, ಇವರು ಅಂಗಳದಲ್ಲಿ. ಬರೀ ಆಟ ಅಲ್ವೆ?"

"ಆಟವಾದರೆ ಪೊರಕೆ ನೀವು ಹಿಡೀರಿ. ರುಮಾಲು ಅವಳಿಗೆ ಕೊಡಿ."

"ನಮ್ಮ ತಾತ ದಿವಾನರ ಕಚೇರೀಲಿದ್ರು ತಾಯಿ," ಎಂದ, ಅದೇ ನಗುವಿನಲ್ಲಿ.

ಮಕ್ಕಳ ಮೇಲೂ ದನಿ ಎತ್ತಿದವಳಲ್ಲ ನಾನು. ಅಂದು ರೇಷ್ಮೆಯನ್ನು ಅವನ ಮೇಜಿನ ಮೇಲೆ ಎಸೆದು, "ನಾಚಿಕೆಯಾಗಬೇಕು ನಿಮಗೆ," ಎಂದು ಕೂಗಿದೆ. ಸಾಲಿನಲ್ಲಿದ್ದವರು ತಮ್ಮ ತಮ್ಮ ನಿರಿಗೆ ಸರಿಪಡಿಸಿಕೊಳ್ಳುತ್ತಾ ನಿಂತರು. ಆ ಸಿಟ್ಟು ಇನ್ನೂ ಆರಿಲ್ಲ. ಆರುವುದು ನನಗೆ ಬೇಕಾಗಿಯೂ ಇಲ್ಲ.

ದುರುಗಿ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ನಮ್ಮಪ್ಪ ಮಾಡಿದ್ದು ಕೆಲಸ ಸ್ವಾಮಿ, ವೇಷ ಅಲ್ಲ. ಅಂಗಳದಲ್ಲಿ ಉಂಡೂ ಉಂಡೂ ಸಾಕಾಗಿಯೇ ನನ್ನನ್ನ ಓದಿಸಿದ. ನಾನು ತಿರುಗಿ ಅಲ್ಲಿ ಕೂರೋದಿಲ್ಲ."

ಹೊರಗೆ ಬಂದು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕುಳಿತೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ಒಳಗಿನಿಂದ ಊಟದ ಕಹಳೆ ಕೇಳಿಸಿತು. ದುರುಗಿ ಫೋಟೋಗೆಂದು ಬ್ಯಾಗಿನಲ್ಲಿ ತಂದಿದ್ದ ಬಾಚಣಿಗೆಯನ್ನು ತೆಗೆದು ನೋಡಿ ಮತ್ತೆ ಒಳಗಿಟ್ಟಳು.

ಬಾಗಿಲಲ್ಲಿ ಕಾವಲುಗಾರನ ವೇಷದವನೊಬ್ಬ ನಿಂತಿದ್ದ, ನಡುವಯಸ್ಸಿನವನು. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅಂಟಿಸಿದ ಮೀಸೆಯನ್ನು ಕಿತ್ತು ಜೇಬಿಗಿಟ್ಟು, ನಮ್ಮ ಪಕ್ಕದಲ್ಲೇ ಬಂದು ಕುಳಿತ. ತನ್ನ ಊಟದ ಡಬ್ಬಿ ತೆರೆದು, ಮುಚ್ಚಳಕ್ಕೆ ಒಂದು ತುತ್ತಿನಷ್ಟು ಚಿತ್ರಾನ್ನ ತನಗೆಂದು ಹಾಕಿಕೊಂಡು, ಉಳಿದದ್ದನ್ನು ಡಬ್ಬಿಯ ಸಮೇತ ಎರಡೂ ಕೈಯಲ್ಲಿ ದುರುಗಿಯ ಮುಂದೆ ಹಿಡಿದ.